ವಿದ್ಯಾರ್ಥಿಗಳ ಸಾವಯವ ತೋಟ: ಬೆಳೆಯ ಪಂಚಾಂಗ, ಪಾಠದ ಪಂಚಾಂಗ

ಶಾಲೆ ಕಾಲೇಜುಗಳಲ್ಲಿ ತೋಟವನ್ನು ಆರಂಭಿಸುವುದು ಕಷ್ಟದ ಕೆಲಸವಲ್ಲ. ಪರಿಸರ ದಿನದಂದು ನಾಲ್ಕು ಮಡಿಗಳನ್ನು ಕಟ್ಟಿ, ಬೀಜ ಬಿತ್ತಿ, ಅತಿಥಿಗಳ ಕೈಯಿಂದ ನೀರು ಹಾಕಿಸಿದರೆ ಆರಂಭವು ಮುಗಿದಂತೆಯೇ. ಆದರೆ ಮುಂದಿನ ಮೇ ತಿಂಗಳಿನಲ್ಲಿ ಆ ಮಡಿಗಳಿದ್ದ ಜಾಗ ಎಲ್ಲಿ ಎಂದು ಗುರುತಿಸುವುದೇ ಕಠಿಣವಾಗುತ್ತದೆ. ಮಣ್ಣು ಸರಿಯಿಲ್ಲ, ನೀರಿಲ್ಲ, ದನ ನುಗ್ಗಿತು ಎಂದು ನಾವು ಕಾರಣಗಳನ್ನು ಹೇಳುತ್ತೇವೆ. ಇವೆಲ್ಲ ನಿಜವೇ. ಆದರೂ ವಿದ್ಯಾಸಂಸ್ಥೆಯ ತೋಟಗಳು ಸೊರಗುವುದಕ್ಕೆ ಮೂಲದಲ್ಲಿರುವುದು ಎರಡು ಕಾರಣಗಳು: ಬೆಳೆಗೆ ಆರೈಕೆ ಬೇಕಾದ ಕಾಲದಲ್ಲಿ ರಜೆ ಬರುತ್ತದೆ; ಕೆಲಸ ಕಲಿತ ಮಕ್ಕಳು ಕಲಿತ ಕೂಡಲೇ ಸಂಸ್ಥೆಯನ್ನು ಬಿಟ್ಟು ಹೋಗುತ್ತಾರೆ. ಈ ಎರಡು ತೊಡಕುಗಳು ನಮ್ಮ ಸಣ್ಣ ಶಾಲೆಗಳಿಗೆ ಮಾತ್ರ ಮೀಸಲಾದವುಗಳಲ್ಲ. ನೂರಾರು ಎಕರೆ ಭೂಮಿ, ಯಂತ್ರೋಪಕರಣ, ಸಂಬಳ ಪಡೆಯುವ ಸಿಬ್ಬಂದಿ ಇರುವ ವಿಶ್ವವಿದ್ಯಾಲಯಗಳೂ ಇವನ್ನೇ ಎದುರಿಸಿವೆ. ಅಮೆರಿಕದ ಎರಡು ವಿಶ್ವವಿದ್ಯಾಲಯಗಳು ತಮ್ಮ ಆವರಣದಲ್ಲಿ ವಿದ್ಯಾರ್ಥಿಗಳ ಸಾವಯವ ತೋಟವನ್ನು ಹೇಗೆ ಉಳಿಸಿಕೊಂಡವು ಎಂಬುದನ್ನು ತಿಳಿದುಕೊಂಡರೆ, ನಮ್ಮ ತೋಟದ ಲೆಕ್ಕಾಚಾರವೂ ಸ್ಪಷ್ಟವಾದೀತು.

ಮೊದಲನೆಯದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಾಂತಾಕ್ರೂಜ್ ಶಾಖೆ. ಪೆಸಿಫಿಕ್ ಸಾಗರದ ಮಾಂಟೆರೆ ಕೊಲ್ಲಿಯನ್ನು ನೋಡುವ ಗುಡ್ಡದ ಮೇಲೆ 1965ರಲ್ಲಿ ಈ ಆವರಣವು ತೆರೆಯಿತು. ಎರಡು ವರ್ಷಗಳ ನಂತರ, 1967ರಲ್ಲಿ, ವಿದ್ಯಾರ್ಥಿಗಳಿಗಾಗಿ ಒಂದು ತೋಟವನ್ನು ನಿರ್ಮಿಸಲು ಅಲನ್ ಚಾಡ್ವಿಕ್ ಎಂಬ ಇಂಗ್ಲಿಷ್ ತೋಟಗಾರರನ್ನು ಕರೆಸಿದರು. ಚಾಡ್ವಿಕ್ ಅದಕ್ಕೆ ಮುಂಚೆ ಶೇಕ್ಸ್‌ಪಿಯರ್ ನಾಟಕಗಳಲ್ಲಿ ಅಭಿನಯಿಸಿದ್ದ ನಟರು. ಅವರು ಆರಿಸಿಕೊಂಡದ್ದು ಸಾರವಿಲ್ಲದ ಮಣ್ಣಿನ ಒಂದು ಇಳಿಜಾರನ್ನು. ಯಂತ್ರಗಳನ್ನು ಬಳಸದೆ, ಗುದ್ದಲಿ ಸನಿಕೆಗಳಿಂದಲೇ ಮಡಿಗಳನ್ನು ಎರಡು ಸನಿಕೆಯಷ್ಟು ಆಳಕ್ಕೆ ಸಡಿಲಿಸಿ, ಕಾಂಪೋಸ್ಟ್ ಬೆರೆಸಿ, ಸಸಿಗಳನ್ನು ಒತ್ತಾಗಿ ನೆಡುವ ಪದ್ಧತಿಯನ್ನು ಅಲ್ಲಿ ರೂಢಿಗೆ ತಂದರು. ನೋಡನೋಡುತ್ತ ಆ ಬರಡು ಇಳಿಜಾರು ಹೂವು ತರಕಾರಿಗಳಿಂದ ತುಂಬಿತು. ತರಗತಿಗಿಂತ ಹೆಚ್ಚು ಹೊತ್ತನ್ನು ತೋಟದಲ್ಲಿಯೇ ಕಳೆಯುವ ವಿದ್ಯಾರ್ಥಿಗಳ ಗುಂಪೊಂದು ಅವರ ಸುತ್ತ ಬೆಳೆಯಿತು.

ಇಂಥ ತೋಟಗಳ ಇತಿಹಾಸದಲ್ಲಿ ಅಪಾಯದ ಗಳಿಗೆ ಬರುವುದು ಇಲ್ಲಿಯೇ. ಒಬ್ಬ ಅಸಾಧಾರಣ ವ್ಯಕ್ತಿಯ ಉತ್ಸಾಹದಿಂದ ನಿಂತ ತೋಟವು ಆ ವ್ಯಕ್ತಿ ಹೊರಟೊಡನೆ ಬೀಳುವುದು ಸಾಮಾನ್ಯ. ಚಾಡ್ವಿಕ್ 1970ರ ದಶಕದ ಆರಂಭದಲ್ಲಿ ಸಾಂತಾಕ್ರೂಜ್ ಬಿಟ್ಟು ಹೋದರು. ತೋಟ ಮಾತ್ರ ಉಳಿಯಿತು; ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಆವರಣದ ತಗ್ಗಿನ ಭಾಗದಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಹೊಲವೊಂದು ಅದೇ ದಶಕದಲ್ಲಿ ಸೇರಿಕೊಂಡಿತು. ಉಳಿವಿಗೆ ಮುಖ್ಯ ಕಾರಣವೆಂದರೆ, ಪದವಿ ವಿದ್ಯಾರ್ಥಿಗಳನ್ನು ಮಾತ್ರ ನಂಬಿಕೊಳ್ಳದೆ, ಕೃಷಿಯನ್ನೇ ಕಲಿಯಬಯಸುವವರಿಗೆ ಬೇರೊಂದು ತರಬೇತಿಯನ್ನು ರೂಪಿಸಿದ್ದು. ಹೊಲದ ಪಕ್ಕದಲ್ಲಿ ಗುಡಾರ ಹಾಕಿಕೊಂಡು, ಒಟ್ಟಿಗೆ ಅಡುಗೆ ಮಾಡಿಕೊಂಡು, ಆರು ತಿಂಗಳು ಅಲ್ಲಿಯೇ ವಾಸಿಸಿ ಕಲಿಯುವ ಈ ತರಬೇತಿಯು ದಶಕಗಳ ಕಾಲ ನಡೆಯಿತು. ಅದು ವಸಂತದಿಂದ ಶರತ್ಕಾಲದವರೆಗೆ, ಎಂದರೆ ಕಾಲೇಜಿನ ದೀರ್ಘ ರಜೆಯನ್ನೂ ಒಳಗೊಂಡು ಬೆಳೆಯ ಕಾಲಕ್ಕೆ ಸರಿಯಾಗಿ ಹೊಂದುವಂತಿತ್ತು. ಪದವಿ ವಿದ್ಯಾರ್ಥಿಗಳು ಮನೆಗೆ ಹೋದಾಗ ನೀರು ಹಾಕುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ.

ಎರಡನೆಯ ಉದಾಹರಣೆಯಾದ ಮಿಚಿಗನ್ ರಾಜ್ಯ ವಿಶ್ವವಿದ್ಯಾಲಯದ ಪರಿಸ್ಥಿತಿಯೇ ಬೇರೆ. ಇದು 1855ರಲ್ಲಿ ಕೃಷಿ ಕಾಲೇಜಾಗಿ ಸ್ಥಾಪನೆಯಾದ ಹಳೆಯ ಸಂಸ್ಥೆ. ಆರಂಭದ ದಿನಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ದಿನಕ್ಕೆ ಮೂರು ಗಂಟೆ ಹೊಲದಲ್ಲಿ ದುಡಿಯಬೇಕೆಂಬ ನಿಯಮವೇ ಅಲ್ಲಿತ್ತು. ಕಾಲ ಕಳೆದಂತೆ ಕೃಷಿಶಿಕ್ಷಣವು ಪ್ರಯೋಗಾಲಯದ ಕಡೆಗೆ ಸರಿಯಿತು; ಕೈಯಲ್ಲಿ ಮಣ್ಣು ಹಿಡಿಯದೆಯೇ ಕೃಷಿ ಪದವಿ ಪಡೆಯುವುದು ಎಲ್ಲ ದೇಶಗಳಲ್ಲಿಯೂ ಸಾಧ್ಯವಾಯಿತು. 1999ರ ಸುಮಾರಿಗೆ ಕೆಲವು ವಿದ್ಯಾರ್ಥಿಗಳು ತಮಗೊಂದು ಸಾವಯವ ಹೊಲ ಬೇಕೆಂದು ಕೇಳಲಾರಂಭಿಸಿದರು. ವಿಶ್ವವಿದ್ಯಾಲಯದ ತೋಟಗಾರಿಕಾ ಸಂಶೋಧನಾ ಕ್ಷೇತ್ರದಲ್ಲಿ ಅವರಿಗೆ ಜಾಗ ದೊರೆಯಿತು. ತೋಟಗಾರಿಕೆಯ ಪ್ರಾಧ್ಯಾಪಕರಾದ ಜಾನ್ ಬೀರ್ನ್‌ಬಾಮ್ ಮಾರ್ಗದರ್ಶಕರಾಗಿ ನಿಂತರು. ಸುಮಾರು ಹತ್ತು ಎಕರೆಗಳಿಗೆ ಬೆಳೆದ ಈ ಹೊಲವು 2003ರಿಂದ ತನ್ನ ಸದಸ್ಯರಿಗೆ ವರ್ಷದ 52 ವಾರಗಳಲ್ಲಿ 48 ವಾರ ತರಕಾರಿ ಒದಗಿಸುವ ವ್ಯವಸ್ಥೆಯನ್ನು ಆರಂಭಿಸಿತು. ಮಿಚಿಗನ್ನಿನ ಹವೆಯನ್ನು ಬಲ್ಲವರಿಗೆ ಈ 48 ಎಂಬ ಸಂಖ್ಯೆ ಎಷ್ಟು ಸಾಹಸದ್ದೆಂದು ಬೇರೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಸ್ವಲ್ಪ ವಿವರಿಸಬೇಕು.

ಆ ವಿಶ್ವವಿದ್ಯಾಲಯವಿರುವುದು ಸುಮಾರು 43 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳಿನ ಮೊದಲ ಭಾಗದವರೆಗೂ ಅಲ್ಲಿ ರಾತ್ರಿ ಹಿಮ ಕಟ್ಟಬಹುದು. ಅಕ್ಟೋಬರ್ ಬಂದಿತೆಂದರೆ ಮತ್ತೆ ಹಿಮದ ಭಯ. ಬಯಲಿನಲ್ಲಿ ಟೊಮೆಟೊ, ಹುರುಳಿಕಾಯಿ, ಸೌತೆಗಳನ್ನು ಬೆಳೆಯಲು ಸಿಗುವುದು ಮಧ್ಯದ ಐದು ತಿಂಗಳು ಮಾತ್ರ. ಈಗ ಪಾಠದ ಪಂಚಾಂಗವನ್ನು ನೋಡಿರಿ: ಮೊದಲ ಅವಧಿ ಆಗಸ್ಟ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ, ಎರಡನೆಯದು ಜನವರಿಯಿಂದ ಮೇ ಆರಂಭದವರೆಗೆ. ಎಂದರೆ ಬೆಳೆಯ ಕಾಲ ತೆರೆಯುವ ವಾರವೇ ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟುವ ವಾರ! ಬಿತ್ತನೆ, ಕಳೆ, ಮೊದಲ ಕೊಯ್ಲು ಯಾವುದನ್ನೂ ನೋಡದೆ, ಅವರು ಮರಳಿ ಬಂದಾಗ ಕಾಣುವುದು ಮುಗಿಯುತ್ತಿರುವ ಹೊಲವನ್ನು. ತೋಟಗಾರಿಕೆಯನ್ನು ಕಲಿಸುವ ಸಂಸ್ಥೆಗೆ ಇದಕ್ಕಿಂತ ಪ್ರತಿಕೂಲವಾದ ಹೊಂದಾಣಿಕೆಯನ್ನು ಕಲ್ಪಿಸುವುದೂ ಕಷ್ಟ.

ಅವರು ಕಂಡುಕೊಂಡ ಉಪಾಯ, ಬೆಳೆಯ ಕಾಲವನ್ನೇ ಪಾಠದ ಕಾಲದೊಳಕ್ಕೆ ಎಳೆದು ತರುವುದು. ಇದಕ್ಕೆ ಬಳಸಿದ ಸಾಧನ ಕಮಾನು ಮನೆ. ಬಾಗಿಸಿದ ಕಬ್ಬಿಣದ ಕೊಳವೆಗಳ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದ, ಒಳಗೆ ನಡೆದಾಡುವಷ್ಟು ಎತ್ತರದ ರಚನೆ ಇದು. ಹೊಸೂರಿನ ಸುತ್ತ ಗುಲಾಬಿ ಬೆಳೆಯುವ ಪಾಲಿಹೌಸುಗಳನ್ನು ಕಂಡವರಿಗೆ ಇದರ ರೂಪ ಅಪರಿಚಿತವಲ್ಲ. ಇದರಲ್ಲಿ ಒಲೆಯಾಗಲಿ ವಿದ್ಯುತ್ ಕಾಯಿಸುವಿಕೆಯಾಗಲಿ ಇರುವುದಿಲ್ಲ. ಹಗಲಿನ ಬಿಸಿಲು ಮಣ್ಣನ್ನು ಕಾಯಿಸುತ್ತದೆ, ರಾತ್ರಿ ಆ ಮಣ್ಣೇ ಕಾವನ್ನು ಹೊರಬಿಡುತ್ತದೆ. ಚಳಿ ಹೆಚ್ಚಾದಾಗ ಮಡಿಗಳ ಮೇಲೆ ಮೊಣಕಾಲೆತ್ತರದಲ್ಲಿ ತೆಳುವಾದ ಬಟ್ಟೆಯ ಇನ್ನೊಂದು ಹೊದಿಕೆಯನ್ನು ಎಳೆಯುತ್ತಾರೆ. ಮೇನ್ ರಾಜ್ಯದ ರೈತರೂ ಲೇಖಕರೂ ಆದ ಎಲಿಯಟ್ ಕೋಲ್ಮನ್ ಈ ಪದ್ಧತಿಯನ್ನು ಪ್ರಚುರಗೊಳಿಸಿದವರು. ಒಂದೊಂದು ಹೊದಿಕೆಯೂ ಆ ಮಡಿಯನ್ನು ಸುಮಾರು ಐನೂರು ಮೈಲಿ ದಕ್ಷಿಣಕ್ಕೆ ಸರಿಸಿದಂತೆ ಎಂಬುದು ಅವರ ಲೆಕ್ಕ. ಎರಡು ಹೊದಿಕೆಗಳ ಕೆಳಗೆ ಪಾಲಕ್, ಕೇಲ್ ಎಂಬ ಎಲೆಕೋಸು, ಲೆಟ್ಯೂಸ್, ಕ್ಯಾರೆಟ್ ಮೊದಲಾದ ಚಳಿ ತಡೆಯುವ ಬೆಳೆಗಳು ಹೊರಗೆ ಹಿಮ ಬಿದ್ದಿರುವಾಗಲೂ ಬದುಕಿರುತ್ತವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ವಿಜ್ಞಾನದ ಅಧ್ಯಾಪಕರಿಗೆ ಇದು ಪ್ರಿಯವಾದೀತು. ಬೆಳವಣಿಗೆಗೆ ಕಾವೊಂದೇ ಸಾಲದು, ಬೆಳಕೂ ಬೇಕು. ಹಗಲಿನ ಅವಧಿ ಹತ್ತು ಗಂಟೆಗಿಂತ ಕಡಿಮೆಯಾದಾಗ ಬಹುತೇಕ ತರಕಾರಿಗಳ ಬೆಳವಣಿಗೆ ನಿಂತಂತಾಗುತ್ತದೆ. ಮಿಚಿಗನ್ನಿನ ಅಕ್ಷಾಂಶದಲ್ಲಿ ನವೆಂಬರ್ ಮೊದಲ ಭಾಗದಿಂದ ಫೆಬ್ರವರಿ ಮೊದಲ ಭಾಗದವರೆಗೆ ಈ ಸ್ಥಿತಿ ಇರುತ್ತದೆ. ಆದುದರಿಂದ ಚಳಿಗಾಲದಲ್ಲಿ ಕೊಯ್ಯಬೇಕಾದ ಸೊಪ್ಪು ನವೆಂಬರಿನೊಳಗೆ ಪೂರ್ತಿಯಾಗಿ ಬೆಳೆದಿರಬೇಕು; ಆ ಮೇಲೆ ಅದು ಮಡಿಯಲ್ಲಿ ಬೆಳೆಯದೆ ಕೆಡದೆ ಜೀವಂತ ಉಗ್ರಾಣದಂತೆ ನಿಂತಿರುತ್ತದೆ. ಹಾಗಾಗಬೇಕಾದರೆ ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿತ್ತಬೇಕು. ಅದು ವಿದ್ಯಾರ್ಥಿಗಳು ಮರಳಿ ಬರುವ ಕಾಲವೇ. ಬಿತ್ತನೆಯಿಂದ ಕೊಯ್ಲಿನವರೆಗೆ ಒಂದು ಬೆಳೆಯ ಸಂಪೂರ್ಣ ಬಾಳನ್ನು ಒಂದೇ ಪಾಠಾವಧಿಯಲ್ಲಿ ಕಾಣುವ ಅವಕಾಶ ಹೀಗೆ ಒದಗಿತು. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಪಾಲಕ್ ಎಲೆಯನ್ನು ಬೆಳಗ್ಗೆಯೇ ಕಿತ್ತರೆ ಕೊಳೆತಂತಾಗುತ್ತದೆ, ಬಿಸಿಲೇರಿ ಎಲೆ ಸಡಿಲವಾಗುವವರೆಗೆ ಕಾಯಬೇಕು. ಚಳಿ ಹೊಡೆದ ಕ್ಯಾರೆಟ್ ತನ್ನ ಪಿಷ್ಟವನ್ನು ಸಕ್ಕರೆಯಾಗಿಸಿಕೊಂಡು ಹೆಚ್ಚು ಸಿಹಿಯಾಗುತ್ತದೆ. ಇಂಥ ಸಂಗತಿಗಳನ್ನು ಅಲ್ಲಿಯ ವಿದ್ಯಾರ್ಥಿಗಳು ಕಲಿತದ್ದು ಜನವರಿಯ ಮಡಿಗಳಲ್ಲಿ. ನೀಲಗಿರಿಯಲ್ಲಿ ಪಾಠ ಹೇಳುವ ನಮ್ಮ ಮಿತ್ರರಿಗೆ ಹಿಮ ಬಿದ್ದ ಬೆಳಗಿನ ತೋಟ ಹೇಗಿರುತ್ತದೆಂದು ವಿವರಿಸಬೇಕಾಗಿಲ್ಲ. ಉಳಿದ ನಾವು ಊಹಿಸಿಕೊಳ್ಳಬೇಕು.

ಇನ್ನು ಬೆಳೆದದ್ದನ್ನು ಏನು ಮಾಡುವುದು? ಮಿಚಿಗನ್ನಿನ ಹೊಲವು ಸದಸ್ಯತ್ವದ ಪದ್ಧತಿಯನ್ನು ಆರಿಸಿಕೊಂಡಿತು. ಊರಿನ ಮನೆಯವರು, ಅಧ್ಯಾಪಕರು, ವಿದ್ಯಾರ್ಥಿಗಳು ಬೆಳೆಯ ಕಾಲಕ್ಕೆ ಮುಂಚೆಯೇ ಹಣ ಕೊಟ್ಟು ಪಾಲುದಾರರಾಗುತ್ತಾರೆ. ವಾರಕ್ಕೊಮ್ಮೆ ಬಂದು ಆ ವಾರ ಬೆಳೆದದ್ದರಲ್ಲಿ ತಮ್ಮ ಪಾಲನ್ನು ಒಯ್ಯುತ್ತಾರೆ. ಬೆಳೆ ಹೆಚ್ಚಾದರೆ ಹೆಚ್ಚು ಪಾಲು, ಕೀಟ ತಿಂದರೆ ಕಡಿಮೆ ಪಾಲು. ಅಮೆರಿಕದಲ್ಲಿ ಈ ಪದ್ಧತಿ 1986ರಲ್ಲಿ ಎರಡು ಹೊಲಗಳಿಂದ ಆರಂಭವಾಯಿತು. ಜಪಾನಿನಲ್ಲಿ ಇದನ್ನು ಹೋಲುವ ವ್ಯವಸ್ಥೆ ಅದಕ್ಕೂ ಮೊದಲೇ ಇತ್ತು. ವಿದ್ಯಾರ್ಥಿಗಳ ತೋಟಕ್ಕೆ ಇದರಿಂದ ಬಂಡವಾಳ ಮುಂಗಡವಾಗಿ ಸಿಗುತ್ತದೆ ಎಂಬುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭವೆಂದರೆ ಹೊಣೆ. ಪರೀಕ್ಷೆಯ ಉತ್ತರ ತಪ್ಪಾದರೆ ಅಂಕ ಕಡಿಮೆಯಾಗುತ್ತದೆ, ಅಷ್ಟೇ. ಗುರುವಾರ ಸಂಜೆ ಚೀಲ ಹಿಡಿದು ಬಂದವರ ಮುಂದೆ ಸೊಪ್ಪಿಲ್ಲದೆ ನಿಲ್ಲುವುದು ಬೇರೆಯೇ ಬಗೆಯ ಪರೀಕ್ಷೆ.

ಆದರೆ ಈ ಲಾಭದ ಬೆನ್ನಿಗೇ ಒಂದು ಕೇಡೂ ಇದೆ. ಸದಸ್ಯರು ಹೆಚ್ಚಿದಂತೆ ಹೊಲ ದೊಡ್ಡದಾಗುತ್ತದೆ. ಹೊಲ ದೊಡ್ಡದಾದಂತೆ ಕಳೆ ಕೀಳುವುದು, ತೊಳೆಯುವುದು, ಕಟ್ಟುವುದು ಇವೇ ಕೆಲಸವಾಗಿ, ಏಕೆ ಎಂದು ಕೇಳುವುದಕ್ಕೆ ಪುರುಸೊತ್ತೇ ಇಲ್ಲದಂತಾಗುತ್ತದೆ. ಆಗ ವಿದ್ಯಾರ್ಥಿಯು ಕಲಿಯುವವನಾಗಿ ಉಳಿಯದೆ ಅಗ್ಗದ ಕೂಲಿಯಾಗುತ್ತಾನೆ. ಈ ಅಪಾಯವನ್ನು ತಪ್ಪಿಸಲು ಒಂದೇ ದಾರಿ ಎಂದು ನನಗೆ ತೋರುತ್ತದೆ: ಜಾಗವನ್ನು ಕಿರಿದಾಗಿಟ್ಟುಕೊಳ್ಳುವುದು. ಶ್ರೀಮಂತ ಸಂಸ್ಥೆಯಾದ ಯೇಲ್ ವಿಶ್ವವಿದ್ಯಾಲಯವೂ 2003ರಲ್ಲಿ ತನ್ನ ವಿದ್ಯಾರ್ಥಿಗಳ ತೋಟವನ್ನು ಆರಂಭಿಸಿದಾಗ ಒಂದು ಎಕರೆಗೆ ತೃಪ್ತಿಪಟ್ಟುಕೊಂಡಿತು.

ಸಾವಯವ ಎಂಬ ಮಾತಿಗೆ ಕಟ್ಟುನಿಟ್ಟಾದ ಅರ್ಥವೂ ಉಂಟು. ಅಮೆರಿಕದಲ್ಲಿ 2002ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ನಿಯಮಗಳ ಪ್ರಕಾರ, ಬೆಳೆಯನ್ನು ಸಾವಯವವೆಂದು ಮಾರಬೇಕಾದರೆ ಕೊಯ್ಲಿಗೆ ಮುಂಚಿನ 36 ತಿಂಗಳು ಆ ನೆಲಕ್ಕೆ ನಿಷಿದ್ಧ ರಾಸಾಯನಿಕಗಳು ಬಿದ್ದಿರಬಾರದು. ಮೂವತ್ತಾರು ತಿಂಗಳೆಂದರೆ ಪದವಿ ವ್ಯಾಸಂಗದ ಮುಕ್ಕಾಲು ಪಾಲು. ನೆಲವನ್ನು ಸಿದ್ಧಪಡಿಸಿದವರು ಮತ್ತು ಪ್ರಮಾಣಪತ್ರ ಪಡೆಯುವವರು ಒಂದೇ ತಂಡದವರಾಗಿರುವುದು ಅಪರೂಪ. ಭಾರತದಲ್ಲಿಯೂ 2001ರಿಂದ ಸಾವಯವ ಉತ್ಪಾದನೆಗೆ ರಾಷ್ಟ್ರೀಯ ಕಾರ್ಯಕ್ರಮ ಇದೆ. ಶಾಲೆಯ ತೋಟಕ್ಕೆ ಪ್ರಮಾಣಪತ್ರದ ಅಗತ್ಯವಿಲ್ಲ. ಆದರೆ ನಿಯಮಗಳಲ್ಲಿ ಎರಡನ್ನು ನಾವೂ ಅನುಸರಿಸುವುದು ಒಳ್ಳೆಯದು, ಏಕೆಂದರೆ ಅವು ಆರೋಗ್ಯಕ್ಕೆ ಸಂಬಂಧಿಸಿದವು.

ಒಂದು, ಹಸಿ ಸಗಣಿಯ ವಿಷಯ. ಅಲ್ಲಿಯ ನಿಯಮದಂತೆ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗಳಿಗೆ ಕೊಯ್ಲಿಗೆ 120 ದಿನ ಮುಂಚೆಯೂ, ತಾಗದ ಬೆಳೆಗಳಿಗೆ 90 ದಿನ ಮುಂಚೆಯೂ ಹಸಿ ಗೊಬ್ಬರ ಹಾಕುವುದನ್ನು ನಿಲ್ಲಿಸಬೇಕು. ನಮ್ಮಲ್ಲಿ ಸಗಣಿ ಪವಿತ್ರವೆಂಬ ಭಾವನೆಯಿಂದ ಅದರಲ್ಲಿರಬಹುದಾದ ರೋಗಾಣುಗಳನ್ನು ಮರೆಯುವುದುಂಟು. ಹರಿವೆ, ಮೆಂತ್ಯ, ಕೊತ್ತಂಬರಿ ಮೊದಲಾದ ಸೊಪ್ಪಿನ ಮಡಿಗೆ ಸಗಣಿ ನೀರನ್ನೋ ಜೀವಾಮೃತವನ್ನೋ ಎಲೆಯ ಮೇಲೆ ಚೆಲ್ಲಿ ವಾರದೊಳಗೆ ಮಕ್ಕಳ ಕೈಯಲ್ಲಿ ಕೀಳಿಸುವುದು ಸರಿಯಲ್ಲ. ಎರಡು, ಕಾಂಪೋಸ್ಟಿನ ವಿಷಯ. ಒಣ ಎಲೆ ಹುಲ್ಲುಗಳಲ್ಲಿ ಇಂಗಾಲ ಹೆಚ್ಚು; ಹಸಿ ಸೊಪ್ಪು, ತರಕಾರಿ ಸಿಪ್ಪೆ, ಸಗಣಿಗಳಲ್ಲಿ ಸಾರಜನಕ ಹೆಚ್ಚು. ಒಟ್ಟುವಾಗ ಇವೆರಡರ ಪ್ರಮಾಣ 25ಕ್ಕೆ 1ರಿಂದ 40ಕ್ಕೆ 1ರ ನಡುವೆ ಇದ್ದರೆ ರಾಶಿಯು ಚೆನ್ನಾಗಿ ಕಾಯುತ್ತದೆ. ಉದ್ದ ರಾಶಿಯ ಒಳಗಿನ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ 15 ದಿನ ಇರಬೇಕು, ಆ ಅವಧಿಯಲ್ಲಿ ಕನಿಷ್ಠ ಐದು ಸಲ ಮಗುಚಬೇಕು ಎಂಬುದು ನಿಯಮ. ಆಗ ರೋಗಾಣುಗಳೂ ಕಳೆಬೀಜಗಳೂ ಬಹುಮಟ್ಟಿಗೆ ಸಾಯುತ್ತವೆ. ಉಷ್ಣಮಾಪಕವಿಲ್ಲದ ಶಾಲೆಯಲ್ಲಿ ಕಬ್ಬಿಣದ ಸಲಾಕೆಯೊಂದನ್ನು ರಾಶಿಯೊಳಗೆ ಹತ್ತು ನಿಮಿಷ ಚುಚ್ಚಿಟ್ಟು ಹೊರತೆಗೆದು, ಅಧ್ಯಾಪಕರು ಮುಟ್ಟಿ ನೋಡಬಹುದು. ಹಿಡಿದುಕೊಳ್ಳಲಾಗದಷ್ಟು ಬಿಸಿ ಇದ್ದರೆ ರಾಶಿ ಕೆಲಸ ಮಾಡುತ್ತಿದೆ. ತಣ್ಣಗಿದ್ದರೆ ಹಸಿಯೋ ನೀರೋ ಗಾಳಿಯೋ ಕಡಿಮೆಯಾಗಿದೆ. ಯಾವುದು ಎಂದು ಮಕ್ಕಳು ಊಹಿಸಿ, ಒಂದನ್ನು ಮಾತ್ರ ಬದಲಿಸಿ, ಮತ್ತೆ ಸಲಾಕೆ ಚುಚ್ಚಲಿ. ಪ್ರಯೋಗವೆಂದರೇನು ಎಂಬುದಕ್ಕೆ ಇದಕ್ಕಿಂತ ಸುಲಭ ಪಾಠವನ್ನು ನಾನು ಕಾಣೆ.

ಇಷ್ಟು ಹೇಳಿದ ಮೇಲೆ ನಮ್ಮ ನಮ್ಮ ಊರುಗಳತ್ತ ತಿರುಗೋಣ. ಮಿಚಿಗನ್ನಿನವರು ಕಬ್ಬಿಣ ಪ್ಲಾಸ್ಟಿಕ್‌ಗಳಿಂದ ಸಾಧಿಸಿದ ಹೊಂದಾಣಿಕೆಯು ನಮಗೆ ಬಹುಮಟ್ಟಿಗೆ ಪುಕ್ಕಟೆಯಾಗಿ ದೊರಕಿದೆ. ಗಡಿಯಾಚೆಯ ಕನ್ನಡ ಶಾಲೆಗಳು ಸಾಮಾನ್ಯವಾಗಿ ಜೂನ್ ತಿಂಗಳಿನಲ್ಲಿ ತೆರೆಯುತ್ತವೆ. ರೋಹಿಣಿ ಮಳೆ ಕಳೆದು ಮೃಗಶಿರ ಹಿಡಿಯುವ ಕಾಲ ಅದು. ಮುಂಗಾರು, ಹಿಂಗಾರು ಎರಡೂ ಶಾಲೆಯ ವರ್ಷದೊಳಗೇ ಬಂದುಹೋಗುತ್ತವೆ. ರಜೆ ಬರುವುದು ನೆಲವೂ ವಿಶ್ರಮಿಸುವ ಬೇಸಿಗೆಯಲ್ಲಿ. ಹೀಗಿದ್ದೂ ನಮ್ಮ ತೋಟಗಳು ಒಣಗುವುದೇಕೆ? ಎಲ್ಲ ಕಡೆಯೂ ಒಂದೇ ದಿನ, ಒಂದೇ ಬೀಜದ ಪೊಟ್ಟಣದಿಂದ ತೋಟವನ್ನು ಆರಂಭಿಸುವುದರಿಂದ ಎಂದು ನನ್ನ ಅನಿಸಿಕೆ.

ಕಾಸರಗೋಡಿನಲ್ಲಿ ಜೂನ್–ಜುಲೈ ತಿಂಗಳ ಮಳೆಗೆ ಹೆಚ್ಚಿನ ತರಕಾರಿಗಳು ಕೊಳೆಯುತ್ತವೆ. ಎತ್ತರದ ಮಡಿಗಳಲ್ಲಿ ಬೆಂಡೆ, ಮುಳ್ಳುಸೌತೆ ಬಂದಾವು. ಹರಿವೆ, ಅಲಸಂಡೆ, ಬಸಳೆಗಳ ನಿಜವಾದ ಕಾಲ ಮಳೆ ಹಿಂದೆ ಸರಿದ ಮೇಲೆ. ಆದುದರಿಂದ ಅಲ್ಲಿ ಮೊದಲ ಮೂರು ತಿಂಗಳನ್ನು ಕಾಂಪೋಸ್ಟಿಗೂ ಸಸಿ ತಯಾರಿಗೂ ಕೊಟ್ಟು, ತೋಟವನ್ನು ಅಕ್ಟೋಬರಿನಲ್ಲಿ ತೆರೆಯುವುದು ಮೇಲು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕಪ್ಪು ನೆಲದಲ್ಲಿ ಹಿರಿಯರು ಬಿಳಿಜೋಳವನ್ನು ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರಿನ ಹಿಂಗಾರಿ ಹದಕ್ಕೆ. ಕೊಯ್ಲು ಫೆಬ್ರವರಿಯ ಸುಮಾರಿಗೆ. ವಾರ್ಷಿಕ ಪರೀಕ್ಷೆಗೆ ಮುಂಚೆ ಮಕ್ಕಳು ತಾವೇ ಬಿತ್ತಿದ ಜೋಳದ ಸೀತನಿಯನ್ನು ತಿನ್ನಬಹುದು. ಹೊಸೂರು, ತಾಳವಾಡಿಗಳಲ್ಲಿ ರಾಗಿ ಮತ್ತು ಅವರೆಯ ಸಾಲುಗಳು, ರಾಯದುರ್ಗ, ಮಡಕಶಿರಾ ಕಡೆ ಜುಲೈಯಲ್ಲಿ ಹಾಕಿ ನವೆಂಬರಿಗೆ ಕೀಳುವ ಕಡಲೆಕಾಯಿ, ಇವೆಲ್ಲ ಒಂದು ಗುಂಟೆಯಲ್ಲಿ ಸಾಧ್ಯ. ತರಕಾರಿಯೇ ಬೇಕೆಂದರೆ ಅವಧಿಯನ್ನು ನೋಡಿ ಆರಿಸಬೇಕು: ಹರಿವೆ, ಮೆಂತ್ಯಗಳಿಗೆ ಒಂದು ತಿಂಗಳು ಸಾಕು, ಮೂಲಂಗಿಗೆ ಒಂದೂವರೆ, ಬೆಂಡೆಯ ಮೊದಲ ಕಾಯಿಗೆ ಸುಮಾರು ಐವತ್ತು ದಿನ. ದಸರಾ ರಜೆ, ದೀಪಾವಳಿ ರಜೆ, ಓಣಂ ರಜೆಗಳ ದಿನಾಂಕಗಳನ್ನು ಮೊದಲೇ ಗುರುತಿಸಿಕೊಂಡು, ಮೊಳಕೆಯ ವಾರ ಆ ರಜೆಯೊಳಗೆ ಬೀಳದಂತೆ ಬಿತ್ತನೆಯ ದಿನವನ್ನು ಹಿಂದಕ್ಕೆ ಎಣಿಸಬೇಕು. ಕಾಯಿ ಕಟ್ಟಿದ ಗಿಡ ನಾಲ್ಕು ದಿನ ತಾಳಿಕೊಂಡೀತು, ಎರಡೆಲೆಯ ಸಸಿ ತಾಳಲಾರದು.

ವಿಷವಿಲ್ಲದ ಬೆಳೆ ಏಕೆ ಎಂಬ ಪ್ರಶ್ನೆಗೆ ಕಾಸರಗೋಡಿನ ಶಿಕ್ಷಕರು ಅಮೆರಿಕದ ಪುಸ್ತಕಗಳಲ್ಲಿ ಉತ್ತರ ಹುಡುಕಬೇಕಾಗಿಲ್ಲ. ಅಲ್ಲಿಯ ಸರಕಾರಿ ಸ್ವಾಮ್ಯದ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನೂ, ಎಣ್ಮಕಜೆ ಮೊದಲಾದ ಪಂಚಾಯತುಗಳಲ್ಲಿ ಮಕ್ಕಳು ಅನುಭವಿಸಿದ ಸಂಕಟವನ್ನೂ ಆ ಜಿಲ್ಲೆ ಮರೆತಿಲ್ಲ. ಪಡ್ರೆ ಗ್ರಾಮದ ಕನ್ನಡ ಪತ್ರಕರ್ತರಾದ ಶ್ರೀಪಡ್ರೆಯವರು ಈ ಸಂಗತಿಯನ್ನು ಹೊರಜಗತ್ತಿಗೆ ತಿಳಿಸಿದವರಲ್ಲಿ ಮೊದಲಿಗರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಆ ಕೀಟನಾಶಕದ ಉತ್ಪಾದನೆ ಮತ್ತು ಬಳಕೆಯನ್ನು ತಡೆಯಿತು. ಈ ಸಂಕಟ ನಡೆದ ಮನೆಗಳ ಮಕ್ಕಳು ತರಗತಿಯಲ್ಲಿರುವಾಗ ಶಿಕ್ಷಕರು ಇದನ್ನು ಮಾತನಾಡುವ ಬಗೆಯಲ್ಲಿ ಎಚ್ಚರ ಬೇಕು. ಮಗುವನ್ನು ಉದಾಹರಣೆಯಾಗಿ ನಿಲ್ಲಿಸಬಾರದು.

ಕೆಲಸ ಹಂಚುವಾಗಲೂ ಎಚ್ಚರ ಬೇಕು. ನೀರು ತರುವುದು, ಗುಡಿಸುವುದು ಹುಡುಗಿಯರಿಗೆ, ಗುದ್ದಲಿ ಹುಡುಗರಿಗೆ, ಸಗಣಿ ಮತ್ತು ಕಸದ ರಾಶಿ ಕೆಲವೇ ಮನೆತನಗಳ ಮಕ್ಕಳಿಗೆ, ಹೀಗೆ ಯಾರೂ ಹೇಳದೆಯೇ ಹಂಚಿಕೆ ನಡೆದುಬಿಡುವುದುಂಟು. ತಂಡಗಳನ್ನು ಚೀಟಿ ಎತ್ತಿ ಮಾಡಿ, ಕೆಲಸವನ್ನು ವಾರಕ್ಕೊಮ್ಮೆ ಬದಲಿಸಿದರೆ ಇದು ತಪ್ಪುತ್ತದೆ. ತಡವಾಗಿ ಬಂದವರಿಗೆ ಕಳೆ ಕೀಳುವ ಶಿಕ್ಷೆಯನ್ನಂತೂ ಎಂದಿಗೂ ಕೊಡಬಾರದು. ಶಿಕ್ಷೆಯಾದ ಕೆಲಸವನ್ನು ಮಗು ದೊಡ್ಡದಾದ ಮೇಲೂ ಗೌರವಿಸಲಾರದು.

ಉಳಿದದ್ದು ಎರಡನೆಯ ತೊಡಕು, ಕಲಿತವರು ಬಿಟ್ಟುಹೋಗುವುದು. ವಿಶ್ವವಿದ್ಯಾಲಯದ ಹೊಲಗಳಿಗೆ ಸಂಬಳದ ಮೇಲ್ವಿಚಾರಕರಿರುತ್ತಾರೆ, ನಮಗಿಲ್ಲ. ಆದರೆ ಅವರಲ್ಲಿರುವ ಇನ್ನೊಂದು ಸಾಧನ ನಮಗೂ ಸಾಧ್ಯ. ಪ್ರಮಾಣಪತ್ರ ಪಡೆದ ಹೊಲಗಳು ಯಾವ ಮಡಿಯಲ್ಲಿ ಯಾವಾಗ ಏನು ಬಿತ್ತಲಾಯಿತು, ಏನು ಹಾಕಲಾಯಿತು, ಎಷ್ಟು ಬಂತು ಎಂಬುದನ್ನು ಕಡ್ಡಾಯವಾಗಿ ಬರೆದಿಡಬೇಕು. ಅಧಿಕಾರಿಗಳಿಗಾಗಿ ಬರೆದ ಆ ದಾಖಲೆಯೇ ಮುಂದಿನ ತಂಡಕ್ಕೆ ಗುರುವಾಗುತ್ತದೆ. ಟೊಮೆಟೊ, ಬದನೆ, ಮೆಣಸು ಒಂದೇ ಕುಲದವು. ಕಳೆದ ವರ್ಷ ಬದನೆಯಿದ್ದ ಮಡಿಗೆ ಈ ವರ್ಷ ಟೊಮೆಟೊ ಹಾಕಿದರೆ ಮಣ್ಣಿನ ರೋಗಗಳು ಕಾದುಕುಳಿತಿರುತ್ತವೆ. ಅಲ್ಲಿ ಬದನೆಯಿತ್ತೆಂದು ಹೇಳುವವರು ಏಳನೆಯ ತರಗತಿ ಮುಗಿಸಿ ಬೇರೆ ಶಾಲೆಗೆ ಹೋಗಿರುತ್ತಾರೆ. ಪುಸ್ತಕವಿದ್ದರೆ ಅದು ಹೇಳುತ್ತದೆ.

ಆ ಪುಸ್ತಕ ಕನ್ನಡದಲ್ಲಿರಲಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಬೀಜದ ಪೊಟ್ಟಣ, ಕೃಷಿ ಇಲಾಖೆಯ ಕರಪತ್ರ, ಗೊಬ್ಬರದ ಚೀಲ ಇವುಗಳ ಮೇಲೆ ನಮ್ಮ ಮಕ್ಕಳು ಓದುವುದು ಸಾಮಾನ್ಯವಾಗಿ ಆಯಾ ರಾಜ್ಯದ ಭಾಷೆಯನ್ನು ಅಥವಾ ಇಂಗ್ಲಿಷನ್ನು. ಅದರಲ್ಲಿ ತಪ್ಪೇನಿಲ್ಲ, ಅವನ್ನೂ ಅವರು ಓದಬೇಕು. ಆದರೆ ಒಟ್ಟಲು ಪಾತಿ, ಅಗೆ, ಹದ, ಕುಂಟೆ, ಮಾಗಿ ಉಳುಮೆ, ಎಡೆ ಹೊಡೆಯುವುದು ಎಂಬ ಮಾತುಗಳು ಪಠ್ಯಪುಸ್ತಕದಲ್ಲಿ ವಿರಳ, ಮನೆಯಲ್ಲಿ ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿವೆ. ಕಾಸರಗೋಡಿನ ಅಲಸಂಡೆಯನ್ನು ಬಯಲುಸೀಮೆಯವರು ಅಲಸಂದೆ ಎನ್ನುತ್ತಾರೆ. ಕಡಲೆಕಾಯಿ ಸೊಲ್ಲಾಪುರದ ಕಡೆ ಶೇಂಗಾ. ದಾಖಲೆ ಬರೆಯುವ ಮಗು ಮನೆಗೆ ಹೋಗಿ, ‘ಅಜ್ಜೀ, ಇದಕ್ಕೇನಂತೀರಿ?’ ಎಂದು ಕೇಳಿ, ಮನೆಯ ಮಾತನ್ನೇ ಮೊದಲು ಬರೆದು, ಪಕ್ಕದಲ್ಲಿ ರಾಜ್ಯಭಾಷೆಯ ಹೆಸರನ್ನೂ ಬರೆಯಲಿ. ಮೂರು ನಾಲ್ಕು ವರ್ಷಗಳಲ್ಲಿ ಆ ಊರಿನ ಕೃಷಿ ಪದಕೋಶವೊಂದು ಶಾಲೆಯ ಕಪಾಟಿನಲ್ಲಿ ತಾನಾಗಿ ಸಿದ್ಧವಾಗುತ್ತದೆ.

ಪುಸ್ತಕದ ಮೊದಲ ಪುಟದಲ್ಲಿ ತೋಟದ ನಕ್ಷೆ ಇರಬೇಕು; ಪ್ರತಿ ಮಡಿಗೂ ಬದಲಾಗದ ಸಂಖ್ಯೆಯೊಂದು ಬೇಕು, ಅದೇ ಸಂಖ್ಯೆಯ ಕಲ್ಲನ್ನು ಮಡಿಯ ತಲೆಯಲ್ಲಿ ನೆಡಬೇಕು. ಬಿತ್ತಿದ ದಿನ, ಮೊಳೆತ ದಿನ, ನೂರು ಬೀಜಕ್ಕೆ ಎಷ್ಟು ಮೊಳೆತವು, ಕೊಯ್ದ ದಿನ, ತೂಕ ಇಷ್ಟು ಅಂಕಣಗಳು ಸಾಕು. ಗಣಿತದ ಅಧ್ಯಾಪಕರು ಸರಾಸರಿ, ಶೇಕಡಾ, ಕ್ಷೇತ್ರಫಲಗಳಿಗೆ ಈ ಪುಟಗಳನ್ನೇ ಬಳಸಿಕೊಳ್ಳಬಹುದು. ಬಿಸಿಯೂಟದ ಅಡುಗೆಮನೆಗೆ ಸೊಪ್ಪು ಕೊಟ್ಟ ದಿನ ಅಡುಗೆಯವರಿಂದಲೇ ಒಂದು ಸಹಿ ಹಾಕಿಸಿಕೊಳ್ಳಲಿ. ಮಿಚಿಗನ್ನಿನ ಸದಸ್ಯರ ಸ್ಥಾನದಲ್ಲಿ ನಮಗೆ ಅವರಿದ್ದಾರೆ.

ಮಾರ್ಚ್ ತಿಂಗಳಿನಲ್ಲಿ, ಪರೀಕ್ಷೆ ಆರಂಭವಾಗುವ ಮೊದಲು, ಒಂದು ಅವಧಿಯನ್ನು ಹಸ್ತಾಂತರಕ್ಕಾಗಿ ಮೀಸಲಿಡಬೇಕು. ಹೋಗುವ ತರಗತಿಯವರು ಬರುವ ತರಗತಿಯವರನ್ನು ಮಡಿಯಿಂದ ಮಡಿಗೆ ಕರೆದೊಯ್ದು, ಪುಸ್ತಕವನ್ನು ಓದುತ್ತ, ಇಲ್ಲಿ ಏನು ಸೋತಿತು ಎಂಬುದನ್ನು ಮುಖ್ಯವಾಗಿ ಹೇಳಲಿ. ಆ ದಿನವೇ ಬಲಿತ ಕಾಯಿಗಳಿಂದ ಬೀಜ ತೆಗೆದು, ನೆರಳಿನಲ್ಲಿ ಒಣಗಿಸಿ, ಬೂದಿ ಬೆರೆಸಿ ಸೀಸೆಗಳಲ್ಲಿ ತುಂಬಿ, ಹೆಸರು ಮತ್ತು ಮಡಿಯ ಸಂಖ್ಯೆಯನ್ನು ಅಂಟಿಸಬೇಕು. ಖಾಲಿಯಾದ ಮಡಿಗಳ ಮೇಲೆ ಒಂದು ಗೇಣು ದಪ್ಪಕ್ಕೆ ತರಗೆಲೆ ಹೊದಿಸಿಬಿಟ್ಟರೆ ಬೇಸಿಗೆಯ ಬಿಸಿಲಿಗೆ ಮಣ್ಣು ಸುಡುವುದಿಲ್ಲ, ಗೆದ್ದಲು ಎರೆಹುಳುಗಳು ಅದನ್ನು ಒಳಗೆಳೆಯುತ್ತಿರುತ್ತವೆ. ಬಾವಿಕಟ್ಟೆಯ ಬಳಿಯ ಬಸಳೆ ಚಪ್ಪರವೊಂದನ್ನು ಮಾತ್ರ ಹಸಿರಾಗಿಟ್ಟುಕೊಂಡು, ಅದಕ್ಕೆ ನೀರು ಹಾಕುವ ಹೊಣೆಯನ್ನು ಶಾಲೆಗೆ ಹತ್ತಿರದ ಎರಡು ಮನೆಗಳ ಮಕ್ಕಳಿಗೆ ವಹಿಸಿ, ಸೊಪ್ಪನ್ನು ಅವರೇ ಒಯ್ಯಲಿ ಎಂದು ಪುಸ್ತಕದ ಕೊನೆಯ ಪುಟದಲ್ಲಿ ಬರೆದು, ಮುಖ್ಯೋಪಾಧ್ಯಾಯರು ಸಹಿ ಹಾಕಿದರೆ ಆ ವರ್ಷದ ಕೆಲಸ ಮುಗಿಯಿತು.